ಬೀಗಿತ್ತಿಯ ದ್ವೀಪ, ನನ್ನ ಬಾಣಂತನ

ನನಗಾಗ ಐವತ್ತೊಂಬತ್ತು. ಹದಿನೆಂಟು ವರ್ಷದ ಹಿಂದಿನ ಮಾತು. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬೀಗಿತ್ತಿ ಕಳ್ಳಿ. ಹಿಂದಿನಿಂದ ಆಡುವ ಮಾತಲ್ಲ ಇದು. ಎದುರಿಗೇ ಹೇಳಿದ್ದೇನೆ, ಅವರ ಮಗ ಇದ್ದಾಗ, ನನ್ನ ಮಗಳು ಇದ್ದಾಗ. ಬೇರೆ ಯಾರಾದರೂ ಆಗಿದ್ದರೆ ಸಂಬಂಧ ಅಲ್ಲಿಗೇ ಹರಿದುಹೋಗುತ್ತಿತ್ತು. ಈ ಮಹಾತಾಯಿ ಸೆರಗು ಸರಿಮಾಡಿಕೊಂಡು, ಶಾಲು ಹೊದಿಸಿದವರ ಕಡೆ ನೋಡುವ ಹಾಗೆ ನನ್ನ ಕಡೆ ನೋಡಿ ನಕ್ಕರು!

ಬೀಗಿತ್ತಿ ಎಂದರೆ ನನ್ನ ಮಗಳು ಶೈಲಳ ಅತ್ತೆ. ಮೈಲಾಪೂರಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಮನೆತನ. ಕನ್ನಡದಲ್ಲಿ ಶುರುವಾದ ಮಾತು ತಮಿಳಿನಲ್ಲಿ ಮುಗಿಯುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಮಾತನ್ನೆಲ್ಲ ಜೋಡಿಸಿ, ಕತ್ತರಿಸಿ ರಿಟೈರ್ ಆದವರು. ನಾನು ನಂಜನಗೂಡಿನ ಕಡೆಯವಳು. ಮದುವೆಯಾಗಿ ವೆಸ್ಟ್ ಮಾಂಬಲಂಗೆ ಬಂದು, ಸ್ಟೇಷನ್ ಹತ್ತಿರ ನಮ್ಮ ಯಜಮಾನರ ಬಾಳೆಲೆ, ವೀಳ್ಯದೆಲೆ ಅಂಗಡಿಯಲ್ಲಿ ಕೂತು ಕೂತೇ ಮುದುಕಿಯಾದವಳು. ಓದಿದ್ದು ಎರಡನೇ ಕ್ಲಾಸು.

ಆ ವರ್ಷ ಶೈಲ ಬಸುರಿ. ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು, ಇದರಲ್ಲಿ ಚರ್ಚೆ ಮಾಡಲಿಕ್ಕೆ ಏನಿದೆ? ಏನೂ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಬೀಗಿತ್ತಿ ನಮ್ಮ ಮನೆಯಲ್ಲೇ ಆಗಲಿ ಎಂದು ಹಟ ಹಿಡಿದು ಕೂತರು. ನನ್ನ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಊರಿಗೆಲ್ಲ ನೀರಿನ ಬರ, ನಮ್ಮ ಬೀದಿಗೆ ದಿನ ಬಿಟ್ಟು ದಿನ ಲಾರಿ ನೀರು, ಬಾಣಂತಿಗೆ ಹಂಡೆಗಟ್ಟಲೆ ಎಲ್ಲಿಂದ ತರುತ್ತೀರಿ ಎಂದರು. ಅವರ ಹಿತ್ತಲಲ್ಲಿ ಬತ್ತದ ಬಾವಿ, ಆಸ್ಪತ್ರೆ ಎರಡು ಬೀದಿ ಆಚೆ. ಹೇಳಿದ್ದೆಲ್ಲ ನಿಜವೇ. ನಿಜ ಹೇಳುವವರ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳುವವರ ಮೇಲೆ ಬರುವುದಿಲ್ಲ. ನಾನು ಆಗಲೇ ಬಾಣಂತಿ ಖಾರಕ್ಕೆ ಮೆಣಸು ಹುರಿದಿಟ್ಟಿದ್ದೆ, ಹಳೇ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿದ್ದೆ. ಯಜಮಾನರು ಹೋಗಿ ಮೂರು ವರ್ಷವಾಗಿತ್ತು, ಅಂಗಡಿಯೂ ಮುಚ್ಚಿತ್ತು, ನನಗೆ ಮಾಡಲಿಕ್ಕೆ ಇದ್ದದ್ದು ಇದೊಂದೇ ಕೆಲಸ.

ಮಾಂಬಲಂಗೂ ಮೈಲಾಪೂರಿಗೂ ನಡುವೆ ಎಷ್ಟು ದೂರ? ಒಂದು ಬಸ್ಸು. ಅಷ್ಟು ದೂರಕ್ಕೆ ನಾವಿಬ್ಬರೂ ನಾಲ್ಕು ತಿಂಗಳು ಜಗಳವಾಡಿದೆವು. ಯಾವ ಮನೆ ಎಂದು ಶೈಲಳನ್ನೇ ಕೇಳಿದರೆ, ನೀವಿಬ್ಬರೂ ಒಂದು ತೀರ್ಮಾನಕ್ಕೆ ಬಂದು ನನಗೆ ತಿಳಿಸಿ, ಬಟ್ಟೆ ತುಂಬಿಕೊಳ್ಳುತ್ತೇನೆ ಎಂದಳು. ಜಾಣೆ. ಅಪ್ಪನ ಥರ.

ಜಗಳ ನಡೆಯುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಆಟದ ಮಣೆಯ ಸುತ್ತ. ಬೀಗಿತ್ತಿಯ ತಂಗಿಯ ಮಗಳು ಜರ್ಮನಿಯಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದಳು. ಅದರೊಳಗೆ ಒಂದು ದ್ವೀಪ. ಆರು ಮೂಲೆಯ ರಟ್ಟುಗಳನ್ನು ಜೋಡಿಸಿದರೆ ಕಾಡು, ಗುಡ್ಡ, ಹೊಲ, ಹುಲ್ಲುಗಾವಲು ಆಗುತ್ತದೆ. ದಾಳ ಹಾಕಿದರೆ ಮರ, ಇಟ್ಟಿಗೆ, ಗೋಧಿ, ಕಲ್ಲು, ಕುರಿ, ಇವುಗಳ ಚೀಟಿ ಸಿಗುತ್ತದೆ. ಇಲ್ಲದ್ದನ್ನು ಇನ್ನೊಬ್ಬರ ಹತ್ತಿರ ವಿನಿಮಯ ಮಾಡಿಕೊಂಡು ರಸ್ತೆ ಹಾಕಬೇಕು, ಮನೆ ಕಟ್ಟಬೇಕು, ಮನೆಯನ್ನು ಪಟ್ಟಣ ಮಾಡಬೇಕು. ಮೊದಲು ಹತ್ತು ಅಂಕ ಮಾಡಿದವರು ಗೆದ್ದರು. ನಾಲ್ಕು ಜನ ಬೇಕಿತ್ತು. ಬೀಗಿತ್ತಿ, ಅಳಿಯ, ಶೈಲ ಮೂರಾಯಿತು. ನಾಲ್ಕನೆಯವಳಾಗಿ ನನ್ನನ್ನು ಎಳೆದು ಕೂರಿಸಿದರು.

ಆಟದ ಪುಸ್ತಕ ಇದ್ದದ್ದು ಜರ್ಮನ್ ಭಾಷೆಯಲ್ಲಿ. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಹುಟ್ಟಿದ ಮೇಲೆ ಮೊದಲ ಸಲ ನಾನು ಇಂಜಿನಿಯರ್ ಅಳಿಯನಷ್ಟೇ ವಿದ್ಯಾವಂತೆ! ಆದರೆ ಬೀಗಿತ್ತಿ ಮಾತ್ರ ಕನ್ನಡಕ ಏರಿಸಿಕೊಂಡು ಪುಟ ತಿರುಗಿಸಿ, ಬೆರಳಿಟ್ಟು, ಇಂಥ ನಿಯಮ ಇಲ್ಲಿದೆ ಎಂದು ಓದಿ ಹೇಳುತ್ತಿದ್ದರು. ಆ ನಿಯಮ ಯಾವಾಗಲೂ ಅವರ ಕಡೆಗೇ ವಾಲಿರುತ್ತಿತ್ತು. ಬೀಗಿತ್ತಿ ಹಾಕಿದ ದಾಳ ಚಾಪೆಯ ಕೆಳಗೆ ಹೋದರೆ ಇನ್ನೊಮ್ಮೆ ಹಾಕಬಹುದು, ನನ್ನದು ಹೋದರೆ ಹೋಯಿತು. ಅದೂ ಪುಸ್ತಕದಲ್ಲಿದೆ.

ಮೊದಲ ದಿನವೇ ನನಗೆ ಕುರಿ ಬಂತು. ಲಿಂಗ ಕಟ್ಟಿದ ಮೈ, ಕುರಿ ಕೊಡುವುದು ತಗೊಳ್ಳುವುದು ನನ್ನ ಕೈಲಾಗದು ಎಂದು ಚೀಟಿ ಕೆಳಗಿಟ್ಟೆ. ಅಳಿಯ ತಲೆ ಮೇಲೆ ಕೈ ಹೊತ್ತ. ಬೀಗಿತ್ತಿ ಒಂದು ಗಳಿಗೆ ಯೋಚಿಸಿದರು. ಅವರೂ ಲಿಂಗ ಕಟ್ಟಿದವರೇ, ಆದರೆ ಆಟಕ್ಕೆ ಕೂತರೆ ಲಿಂಗ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು.

"ಕುರಿ ಬೇಡ ಬೀಗ್ರೇ, ಕಂಬಳಿ ಅನ್ನಿ," ಎಂದರು. "ಕಂಬಳಿ ಹೊದೀತೀರಿ ತಾನೇ?"

ಅಂದಿನಿಂದ ಆ ದ್ವೀಪದಲ್ಲಿ ಕುರಿ ಎನ್ನುವ ಪ್ರಾಣಿಯೇ ಇಲ್ಲ. ಹುಲ್ಲುಗಾವಲಿನಲ್ಲಿ ಕಂಬಳಿ ಮೇಯುತ್ತವೆ.

ಇನ್ನು ಕೊಸರಿನ ಕಥೆ. ಅಂಗಡಿಯಲ್ಲಿ ನೂರು ವೀಳ್ಯದೆಲೆ ಎಣಿಸಿದ ಮೇಲೆ ಎರಡು ಎಲೆ ಮೇಲೆ ಹಾಕಿಕೊಡುವುದು ನನ್ನ ಪದ್ಧತಿ. ಕೊಡುವವಳು ಕೇಳುವುದನ್ನೂ ಬಲ್ಲಳು. ಬೀಗಿತ್ತಿ ಒಂದು ಮರ ಕೊಟ್ಟು ಒಂದು ಇಟ್ಟಿಗೆ ಕೇಳಿದಾಗ, ಕೊಡುತ್ತೇನೆ, ಕೊಸರು ಏನು ಎಂದೆ. ಆಟದಲ್ಲಿ ಕೊಸರು ಇಲ್ಲ ಎಂದರು. ಕೊಸರು ಇಲ್ಲದ್ದು ವ್ಯಾಪಾರವೇ ಅಲ್ಲ ಎಂದು ನಾನು ಚೀಟಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅರ್ಧ ಗಂಟೆ ಆಟ ನಿಂತಿತು. ಕಾಫಿ ಬಂತು, ಹೋಯಿತು. ಕೊನೆಗೆ ಅವರಿಗೆ ಇಟ್ಟಿಗೆ ಬೇಕೇ ಬೇಕಾಯಿತು ನೋಡಿ, ಪುಸ್ತಕ ತೆಗೆದರು. ಕೊನೆಯ ಪುಟದಲ್ಲಿ ಬೆರಳಿಟ್ಟು, ಮೂರು ವಿನಿಮಯಕ್ಕೆ ಒಂದು ಕೊಸರು, ಇಲ್ಲೇ ಇದೆ, ಇಷ್ಟು ದಿವಸ ನೋಡಿರಲಿಲ್ಲ ಎಂದರು. ಅಳಿಯ ಬಗ್ಗಿ ನೋಡಿ, "ಅಮ್ಮಾ, ಅದು ವಿಳಂಬರಂಮಾ," ಎಂದ. ಬೇರೆ ಆಟದ ಪೆಟ್ಟಿಗೆಗಳ ಜಾಹೀರಾತಂತೆ.

ಈ ಹುಚ್ಚು ಮನೆಯೊಳಗೇ ಇದ್ದಿದ್ದರೆ ಸರಿ. ಒಮ್ಮೆ ಬೀಗಿತ್ತಿ ದೇವಸ್ಥಾನದ ಸುತ್ತಿನ ಮಾಡ ಬೀದಿಯಲ್ಲಿ ತರಕಾರಿಯವಳ ಮುಂದೆ ಕೂತು, ಚೀಲದಿಂದ ಮನೆಯ ಎರಡು ತೆಂಗಿನಕಾಯಿ ತೆಗೆದಿಟ್ಟು, ಇದಕ್ಕೆ ಒಂದು ಕುಂಬಳಕಾಯಿ ಕೊಡುತ್ತೀಯಾ ಎಂದು ಕೇಳಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಅವಳು ಒಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ನೀರಿಲ್ಲ, ಮೂರು ಕೊಡಿ ಎಂದಳು. ನಾನು ನಾಚಿಕೆಯಿಂದ ಹೂವಿನ ಅಂಗಡಿಯ ಹಿಂದೆ ನಿಂತೆ. ಬೀಗಿತ್ತಿ ಮಾತ್ರ ಮನೆಯವರೆಗೂ ಅವಳನ್ನು ಹೊಗಳುತ್ತ ಬಂದರು. ನಾಲ್ಕನೆಯವಳಾಗಿ ನಿಮ್ಮ ಬದಲು ಅವಳನ್ನು ಕೂರಿಸಬೇಕಿತ್ತು ಬೀಗ್ರೇ ಎಂದರು.

ಕಳ್ಳಿ ಎಂದದ್ದು ಯಾಕೆ ಎಂದು ಹೇಳಲೇ ಇಲ್ಲವಲ್ಲ. ದ್ವೀಪದಲ್ಲಿ ಒಬ್ಬ ಕಳ್ಳ ಇದ್ದಾನೆ, ಕಪ್ಪು ಮರದ ಗೊಂಬೆ. ದಾಳದಲ್ಲಿ ಏಳು ಬಿದ್ದವರು ಅವನನ್ನು ಎತ್ತಿ ಬೇರೆಯವರ ಹೊಲದಲ್ಲಿ ನಿಲ್ಲಿಸಿ, ಅವರ ಕೈಯಿಂದ ಒಂದು ಚೀಟಿ ನೋಡದೆ ಎಳೆದುಕೊಳ್ಳಬಹುದು. ಬೀಗಿತ್ತಿ ಅವನನ್ನು ಬಸುರಿ ಸೊಸೆಯ ಹೊಲದಲ್ಲೂ ನಿಲ್ಲಿಸುತ್ತಿದ್ದರು. ಎಳೆಯುವಾಗ ಅವರ ಮುಖ ನೋಡಬೇಕಿತ್ತು, ಪ್ರಸಾದ ತಗೊಳ್ಳುವ ಭಕ್ತಿ.

ಎಂಟನೇ ತಿಂಗಳು ಬಿತ್ತು. ಇನ್ನು ತಡಮಾಡುವ ಹಾಗಿರಲಿಲ್ಲ. ಆ ಭಾನುವಾರ ನಾನು ಚಪ್ಪಲಿ ಬಿಡುವ ಮೊದಲೇ, ಇವತ್ತು ಮಗಳನ್ನು ಕರೆದುಕೊಂಡೇ ಹೋಗುತ್ತೇನೆ ಎಂದೆ. ಬೀಗಿತ್ತಿ ಆಗಲೇ ದ್ವೀಪ ಜೋಡಿಸಿ ಕೂತಿದ್ದರು.

"ಆಡಿ ಗೆದ್ದು ಕರ್ಕೊಂಡು ಹೋಗಿ," ಎಂದರು. "ನಾನು ಗೆದ್ರೆ ಬಾಣಂತನ ಇಲ್ಲಿ. ಸರಿಯಾ?"

ನಾನೂ ಎಂಥ ಮಂಕುದಿಣ್ಣೆ ನೋಡಿ, ಸರಿ ಎಂದೆ. ಶೈಲ ಗೋಡೆಗೆ ಒರಗಿ ಕಡಲೆಕಾಯಿ ಬಿಡಿಸುತ್ತ, ಅಂತೂ ಇಬ್ಬರೂ ಸೇರಿ ನನ್ನನ್ನು ಜೂಜಿಗೆ ಇಟ್ಟಿರಿ ಎಂದು ನಕ್ಕಳು.

ಮೂರು ಗಂಟೆಗೆ ಕೂತವರು ಆರಾದರೂ ಏಳಲಿಲ್ಲ. ಮಕ್ಕಳಿಬ್ಬರೂ ಲೆಕ್ಕಕ್ಕಿರಲಿಲ್ಲ. ನನಗೆ ಒಂಬತ್ತು, ಅವರಿಗೆ ಒಂಬತ್ತು. ಇನ್ನೊಂದು ಮನೆ ಕಟ್ಟಿದರೆ ಮಗಳು ನನ್ನ ಜೊತೆ ಬಸ್ಸು ಹತ್ತುತ್ತಾಳೆ. ಕೈಯಲ್ಲಿ ಎರಡು ಮರ, ಒಂದು ಕಂಬಳಿ, ಒಂದು ಗೋಧಿ ಇತ್ತು, ಬೇಕಿದ್ದದ್ದು ಒಂದೇ ಇಟ್ಟಿಗೆ. ಯಾರೂ ಕೊಡಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ಬೀಗಿತ್ತಿ ದಾಳ ಎರಡೂ ಕೈಯಲ್ಲಿ ಕುಲುಕಿ ಬಿಟ್ಟರು. ನಾಲ್ಕು, ಮೂರು. ಏಳು.

ಕಳ್ಳನನ್ನು ಎತ್ತಿ ನನ್ನ ಇಟ್ಟಿಗೆ ಗುಡ್ಡದ ಮೇಲೆ ಇಟ್ಟರು. ನಾನು ಚೀಟಿ ಕಲೆಸಿ ಹಿಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಒಂದನ್ನು ಎಳೆದರು. ಗೋಧಿ. ಅವರ ಮನೆ ಪಟ್ಟಣವಾಗಲು ಕಡಿಮೆ ಇದ್ದದ್ದೂ ಅದೇ. ನಾಲ್ಕರಲ್ಲಿ ಒಂದೇ ಒಂದು ಗೋಧಿ, ಅದೇ ಕೈಗೆ ಬರಬೇಕೇ? ನೀವು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಕನ್ನಡಕದಲ್ಲಿ ಕಾಣುವ ಚೀಟಿಯನ್ನು, ನೀವು ಕಳ್ಳಿ ಎಂದೆ. ಅವರು ನಕ್ಕದ್ದು ಆಗಲೇ.

ನಾನು ಚೀಲ ತಗೊಂಡು ಎದ್ದೆ. ಸೋತದ್ದು ಸೋತದ್ದೇ, ಆಡಿದ ಮಾತು ತಪ್ಪುವ ಜನ ನಾವಲ್ಲ. ಬೀಗಿತ್ತಿ ಬಾಗಿಲವರೆಗೂ ಬಂದರು. ಹುರಿದಿಟ್ಟ ಖಾರ ಕಳಿಸುತ್ತೇನೆ, ಕುಟ್ಟಿಸಿಕೊಳ್ಳಿ, ಬಾಣಂತಿ ನೀರು ಮಾತ್ರ ಜೋರಾಗಿ ಹಾಕಿಸಿ ಎಂದೆ. ಅವರು ಬಾಗಿಲು ಹಿಡಿದುಕೊಂಡೇ ನಿಂತರು.

"ನಂಗೇನು ಗೊತ್ತು ಬೀಗ್ರೇ? ನೀವು ಇಲ್ಲಿಗೇ ಬಂದು, ಇದ್ದು ಮಾಡ್ಬೇಕು." ಆಮೇಲೆ, "ನಂಗೆ ಬಾಣಂತನ ಅಂತ ಯಾರೂ ಮಾಡ್ಲಿಲ್ಲ. ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ರು. ಇವನ್ನ ಎತ್ಕೊಂಡು ಆಸ್ಪತ್ರೆಯಿಂದ ಬಂದ ದಿವಸ ನಾನೇ ಸಮಯಲ್ ಮಾಡಿ ಬಡಿಸ್ದೆ. ಎಣ್ಣೆ, ನೀರು, ಸಾಂಬ್ರಾಣಿ ಅಂತಾರಲ್ಲ, ಹೇಗಿರತ್ತೋ ಒಂದ್ಸಲ ನಮ್ಮನೇಲಿ ನೋಡೋಣ ಅಂತ."

ಇದನ್ನು ಮೊದಲೇ ಬಾಯಿಬಿಟ್ಟು ಕೇಳಿದ್ದರೆ ನಾಲ್ಕು ತಿಂಗಳ ಜಗಳ ಉಳಿಯುತ್ತಿತ್ತು ಎಂದೆ.

"ಕೇಳಿದ್ರೆ ಒಪ್ತಿದ್ರಾ?"

"ಇಲ್ಲ," ಎಂದೆ. ಸುಳ್ಳು ಯಾಕೆ ಹೇಳಲಿ?

ಮಾರನೆಯ ದಿನ ಬೆಳಗ್ಗೆ ಹಾಲಿನವನಿಗೆ ಮೂರು ತಿಂಗಳು ಹಾಲು ಬೇಡ ಎಂದು ಹೇಳಿ, ಮನೆಗೆ ಬೀಗ ಹಾಕಿ, ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ ಚೀಲದಲ್ಲಿ ಹಾಕಿಕೊಂಡು ಮೈಲಾಪೂರಿನ ಬಸ್ಸು ಹತ್ತಿದೆ. ಅಳಿಯನ ಕೈಲಿ ಬಾವಿಯಿಂದ ಎರಡು ಹಂಡೆ ನೀರು ಸೇದಿಸಿ ಕಾಯಿಸಿದೆ. ಬಚ್ಚಲಲ್ಲಿ ಮಣೆ ಹಾಕಿ ಬೀಗಿತ್ತಿಯನ್ನು ಕರೆದೆ. ಹೆರಿಗೆಗೆ ಇನ್ನೂ ತಿಂಗಳ ಮೇಲಿದೆ, ಹೆರುವವಳು ಶೈಲ, ನನಗ್ಯಾಕೆ, ನನಗೆ ಅರವತ್ತೊಂದು ಎಂದು ಏನೇನೋ ತಮಿಳಿನಲ್ಲಿ ಹೇಳಿದರು. ಬಾಯಿ ಮುಚ್ಚಿಕೊಂಡು ಕೂತ್ಕೊಳಿ ಎಂದೆ. ಕೂತರು. ನೆತ್ತಿಗೆ ಎಣ್ಣೆ ಬಡಿದು, ಬೆನ್ನು ತಿಕ್ಕಿ, ಎರಡು ಹಂಡೆ ಬಿಸಿನೀರನ್ನೂ ಚೊಚ್ಚಲ ಬಾಣಂತಿಗೆ ಹೊಯ್ಯುವ ಹಾಗೆ ಸೊಂಟಕ್ಕೆ ಬೀಸಿ ಬೀಸಿ ಹೊಯ್ದೆ.