ನಮ್ಮ ಮೀನಿಗಿ ತಾಂಡೂರು ನೀರು ಹತ್ತಲಿಲ್ಲ

ಕೆಲವು ಮನಿಗಿ ಕಳ್ಳರು ಬರ್ತಾರ, ಕೆಲವು ಮನಿಗಿ ಹಾವು ಬರ್ತಾವ, ನಮ್ಮ ಮನಿಗಿ ಬರೀ ಭಾನಗಡಿ ಬರ್ತಾವ. ಕರೀಬೇಕಂತಿಲ್ಲ, ಬಾಗಲಾ ಹಾಕಿ ಅಗಳಿ ಇಟ್ರೂ ಬರ್ತಾವ. ಅದರಾಗ ನಾವು ಮೀನು ಸಾಕಿದ ವರ್ಷ ಅಂತೂ ಕೇಳಬ್ಯಾಡ್ರಿ.

ನಾ ಝಹೀರಾಬಾದಿನಾಕಿ, ಕೊಟ್ಟದ್ದು ತಾಂಡೂರಿಗಿ. ಮನ್ಯಾಗ ಅತ್ತಿ, ಮಾವನೋರು, ನಾವಿಬ್ಬರು. ನಮ್ಮ ಮನ್ಯಾವರು ಕಲ್ಲು ಪಾಲಿಶ್ ಮಾಡೋ ಕಾರ್ಖಾನ್ಯಾಗ ಲೆಕ್ಕ ಬರಿಯೋ ಮುನಶಿ. ಮಾವನೋರಿಗಿ ಲಕ್ವಾ ಹೊಡದು ಒಂದು ಕಡಿ ಕೈಕಾಲು ಬಿದ್ದಿದ್ವು, ಮಾತು ತಡದು ತಡದು ಬರ್ತಿತ್ತು. ನಕ್ಕರ ಓಣಿ ತುಂಬ ಕೇಳಿಸ್ತಿದ್ದ ಮನಷ್ಯಾ, ಹೊರಸಿನ ಮ್ಯಾಲ ಬಿದ್ಕೊಂಡು ಗ್ವಾಡಿ ನೋಡ್ತಿದ್ರು. ಹೈದರಾಬಾದಿನ ದವಾಖಾನಿಗಿ ಕರಕೊಂಡು ಹೋದಾಗ ಅಲ್ಲಿ ಒಂದು ಗಾಜಿನ ಪೆಟಗ್ಯಾಗ ಕೆಂಪು ಮೀನ ಆಡ್ತಿದ್ವಂತ. ಅವನ್ನ ನೋಡಿ ಮಾವನೋರ ಅರ್ಧ ಬಾಯಿ ನಕ್ಕಿತು. ಸಾಕಲ್ಲ? ಮನ್ಯಾವರು ಅವತ್ತೇ ಅಂಥದೇ ಪೆಟಗಿ, ಮೀನ ಕೊಂಡು, ರೈಲಿನಾಗ ತೊಡಿ ಮ್ಯಾಲ ಇಟ್ಕೊಂಡು ತಂದ್ರು. ಮೀನ ಬದಕಬೇಕು, ಮಾವನೋರ ನಗಿ ಉಳೀಬೇಕು. ನಮ್ಮ ಹಟ ಅಷ್ಟೇ ಇತ್ತು.

ತವಾ

ಲಿಂಗಾಯತರ ಮನಿಗಿ ಮೀನು ಬಂದ ಸುದ್ದಿ ಮುಚ್ಚಿಡಾಕ ಆಗ್ತದೇನ್ರಿ? ಅತ್ತಿ ಅಂತೂ ಮೊದಲ ದಿನಾನೇ ಹೇಳಿಬಿಟ್ರು: "ನನ್ನ ಪೂಜಾ ಜಗಲಿ ಕಡಿ ಅದನ್ನ ತರಬ್ಯಾಡ್ರಿ. ನಾ ಅದನ್ನ ನೋಡಂಗಿಲ್ಲ, ಮುಟ್ಟಂಗಿಲ್ಲ."

ಸಂಜೀಕ ಎದುರಿನ ಮುಸಲ್ಮಾನರ ಮನಿ ಖಾಲಾ ಸೆರಗಿನಾಗ ಏನೋ ಮುಚ್ಕೊಂಡು ಹಿತ್ತಲ ಬಾಗಲಿಗಿ ಬಂದ್ರು. ನನ್ನ ಕಿವ್ಯಾಗ ಅಂದ್ರು: "ಬೇಟಿ, ನಿನಗ ಇದೆಲ್ಲಾ ಮಾಡಿ ರೂಢಿಲ್ಲ. ನಿಮ್ಮ ಭಾಂಡೆ ಮೈಲಿಗಿ ಆಗೂದು ಬ್ಯಾಡ ಅಂತ ನನ್ನ ತವಾನೇ ತಂದೀನಿ. ಮಸಾಲಿನೂ ಅರದೀನಿ. ಯಾರಿಗೂ ಹೇಳಂಗಿಲ್ಲ, ನನ್ನ ಆಣಿ."

"ಅಯ್ಯ ಖಾಲಾ, ಅವು ತಿನ್ನೋ ಮೀನಲ್ರಿ! ನಮ್ಮ ಮಾವನೋರು ನೋಡ್ಲಿ ಅಂತ ತಂದದ್ದು!"

ಖಾಲಾ ಒಳಗ ಬಂದು ಪೆಟಗಿ ನೋಡಿದ್ರು, ಮಾವನೋರ ಮಾರಿ ನೋಡಿದ್ರು, ಕಣ್ಣು ಒರಸಿಕೊಂಡ್ರು. ಹೋಗುವಾಗ ಬಾಗಲದಾಗ ನಿಂತು ಅಂದ್ರು: "ಅದಕ್ಕೇ ನಾನೂ ಅನ್ಕೊಂಡೆ, ಬೆರಳಿನಷ್ಟು ಮೀನಿನಾಗ ನಾಲ್ಕು ಮಂದಿ ಹೆಂಗ ಹೊಟ್ಟಿ ತುಂಬಿಸ್ಕೋತೀರಿ ಅಂತ!"

ಮಸಿ

ತಾಂಡೂರಿನ ನೀರಂದ್ರ ಕಲ್ಲು ಕರಗಿದ ನೀರು. ಚಾದ ಬೋಗಾಣ್ಯಾಗ ಸುಣ್ಣದಂಗ ಬೆಳ್ಳನ ಪಕಳಿ ಕಟ್ಟತದ, ಬ್ಯಾಳಿ ಮಧ್ಯಾಹ್ನ ಆದ್ರೂ ಬೇಯಂಗಿಲ್ಲ. ಮೀನಿಗೂ ಈ ನೀರು ಹತ್ತಲಿಲ್ಲ. ಹೊಸ ಸೊಸಿ ಆಗಿ ಬಂದಾಗ ನನಗೂ ಹತ್ತಿರಲಿಲ್ಲ, ಆದ್ರ ನನಗ ಯಾರೂ ಫಿಲ್ಟರ್ ಮಾಡಿ ಕೊಡಲಿಲ್ಲ ಬಿಡ್ರಿ.

ಎರಡು ಮೀನ ಹೋದ ಮ್ಯಾಲ ಮನ್ಯಾವರು ಫಿಲ್ಟರ್ ಕಟ್ಟಾಕ ಕುಂತ್ರು. ಒಂದರ ಮ್ಯಾಲ ಒಂದು ಮೂರು ಗಡಗಿ. ಮ್ಯಾಲಿನದರಾಗ ಕಾಗಿಣಾ ಹೊಳಿ ಉಸುಕು, ನಡುವಿನದರಾಗ ಇದ್ದಿಲು, ಕೆಳಗಿನದರಾಗ ತಮ್ಮ ಕಾರ್ಖಾನಿ ಕಲ್ಲಿನ ಚೂರು. ಇದ್ದಿಲು ತುಂಬೋ ಕೆಲಸ ನನ್ನದು. ತೊಳದು ಹಾಕಬೇಕಂತ ಯಾರೂ ಹೇಳಲಿಲ್ಲ, ನಾ ಒಲ್ಯಾಗಿಂದ ತಗದದ್ದು ಹಂಗೇ ತುಂಬಿದೆ. ಆ ನೀರು ಪೆಟಗಿಗಿ ಸುರುವಿದ್ದೇ ತಡ, ಪೆಟಗಿ ಕರ್ರಗಾತು. ಮೀನಿಲ್ಲ, ಏನಿಲ್ಲ, ಬರೀ ಕತ್ತಲಿ.

ಮನ್ಯಾವರು ನನ್ನ ನೋಡಿದ್ರು, ನಾ ಮ್ಯಾಲ ಜಂತಿ ನೋಡಿದೆ. ಹೊರಸಿನ ಮ್ಯಾಲಿಂದ ಮಾವನೋರ ದನಿ ಬಂತು: "ದೀಪ… ಆರಸ್ರಿ. ಅವು… ಮಲಗ್ಯಾವ."

ಮುಂಜಾನಿ ಹೊತ್ತಿಗಿ ಮಸಿ ತಳಕ್ಕ ಕುಂತು ನೀರು ತಿಳಿ ಆತು, ಮೀನೂ ಕಂಡ್ವು. ಆದ್ರ ಅದೇ ಫಿಲ್ಟರಿನ ನೀರು ಚಾಕ್ಕ ಇಟ್ರ ಬೋಗಾಣ್ಯಾಗ ಮೊದಲಿಗಿಂತ ಜಾಸ್ತಿ ಪಕಳಿ! ಕೆಳಗಿನ ಗಡಗ್ಯಾಗ ಇದ್ದದ್ದು ಯಾವ ಕಲ್ಲು? ನಮ್ಮ ನೀರು ಕೆಡಿಸಿದ್ದ ಅದೇ ತಾಂಡೂರು ಕಲ್ಲು. ಅಂದ್ರ ಮನ್ಯಾವರು ಕಳ್ಳಗೇ ಕೀಲಿಕೈ ಕೊಟ್ಟು ಕಾವಲಿಗಿ ಕುಂದರಸಿದ್ರು.

ಪಂಕ್ಚರ್

ಪೆಟಗ್ಯಾಗ ಗಾಳಿ ಗುಳ್ಳಿ ಬಿಡಾಕ ಕರೆಂಟಿನ ಸಣ್ಣ ಮಶೀನಿತ್ತು. ನಮ್ಮೂರಾಗ ಕರೆಂಟಂದ್ರ ದೊಡ್ಡಮನಿ ಅಳಿಯ ಇದ್ದಂಗ, ಮನಸ್ಸು ಬಂದಾಗ ಬರ್ತದ, ಚಾ ಕುಡಿಯೋದ್ರಾಗ ಹೋಗ್ತದ. ಒಂದು ದಿನ ಹೋದದ್ದು ಬರಲೇ ಇಲ್ಲ. ಮೀನ ನೀರಿನ ಮ್ಯಾಲ ಬಾಯಿ ತೆರದು ತೆರದು ನೋಡಾಕ ಹತ್ತಿದ್ವು. ಮನ್ಯಾವರು ಓಡಿ ಹೋಗಿ ಸೈಕಲ್ಲಿಗಿ ಗಾಳಿ ಹೊಡಿಯೋ ಪಂಪ್ ತಂದು, ನಳಗಿ ನೀರಿನಾಗ ಬಿಟ್ಟು, ದಬ ದಬ ಹೊಡಿಯಾಕ ಶುರು ಮಾಡಿದ್ರು. ಅವರ ಕೈ ಸೋತಾಗ ನಾ, ನನ್ನ ಕೈ ಸೋತಾಗ ಅವರು.

ಸಪ್ಪಳ ಕೇಳಿ ಖಾಲಾ ಕಿಡಕ್ಯಾಗ ಇಣಕಿದ್ರು. ಬೆವತು ನೀರಾಗಿದ್ದ ನಮ್ಮಿಬ್ಬರನ್ನೂ, ಆ ಪೆಟಗಿನೂ ನೋಡಿ ಕೇಳಿದ್ರು: "ಏನಾತ್ರಿ? ಮೀನು ಪಂಕ್ಚರ್ ಆಗ್ಯಾದೇನು?"

ತವರಿನ ನೀರು

ಫಿಲ್ಟರ್ ಕೈ ಕೊಟ್ಟ ಮ್ಯಾಲ ನನ್ನ ಮಾತಿಗಿ ಬೆಲಿ ಬಂತು. "ನಮ್ಮ ಝಹೀರಾಬಾದಿನ ಕೆಂಪು ನೆಲದ ನೀರು ತರಸ್ರಿ, ಆ ನೀರಿನಾಗ ಬ್ಯಾಳಿ ಬೆಣ್ಣಿ ಆಗ್ತದ" ಅಂದೆ. ಹೊಸತಾಗಿ ಬಂದಾಗಿಂದ ಇದೇ ಮಾತು ಹೇಳಿ ಅತ್ತಿ ಕಡಿಂದ ಬೈಸ್ಕೊಂಡಾಕಿ ನಾ.

ನಮ್ಮಣ್ಣ ಒಂದು ದೊಡ್ಡ ಡಬ್ಬಿ ತುಂಬ ನೀರು ಹೊತ್ಕೊಂಡು ಬಸ್ಸು ಹತ್ತಿದ. ಕಂಡಕ್ಟರ್‌ಗ ಸಂಶೇ ಬಂತು. "ಸಾರಾಯಿ ಏನ್ರಿ?" "ಇಲ್ರಿ, ನೀರು." "ನೀರು ಯಾರ ಹೊತ್ಕೊಂಡು ಹೋಗ್ತಾರ? ಯಾರಿಗಿ?" "ಮೀನಿಗಿ." ಕಂಡಕ್ಟರ್ ಮುಚ್ಚಳ ತಗದು ಮೂಸಿ ನೋಡಿದ, ಬೊಗಸಿ ಹಿಡದು ಕುಡದ, ಇನ್ನೊಂದು ಬೊಗಸಿ ಕುಡದ. "ನಸೀಬು ಅಂದ್ರ ಈ ಮೀನಿಂದು ನೋಡ್ರಿ" ಅಂದು ಡ್ರೈವರ್‌ಗೂ ಕುಡಿಸಿದ. ಬಸ್ಸಿನ ಮಂದಿ ಎಲ್ಲಾ ರುಚಿ ನೋಡಿ, ಡಬ್ಬಿ ತಾಂಡೂರು ಮುಟ್ಟುವಾಗ ಅರ್ಧ ಆಗಿತ್ತು.

ಉಳಿದ ಅರ್ಧ ಅಡಗಿ ಮನ್ಯಾಗ ಇಟ್ಟು ಅಣ್ಣಗ ಕೈಕಾಲಿಗಿ ನೀರು ಕೊಟ್ಟು ಬರೋದ್ರಾಗ ಅದರಾಗಿನ ಅರ್ಧ ಮಾಯ. ಒಲಿ ಮುಂದ ಅತ್ತಿ ಕುಂತಿದ್ರು. ತೊಗರಿ ಬ್ಯಾಳಿ ಸೌಟಿಗಿ ಸಿಗದಂಗ ಕರಗಿತ್ತು. ಅತ್ತಿ ನನ್ನ ಮಾರಿ ನೋಡಲಿಲ್ಲ. "ನಿನ್ನ ತವರಿನ ಬಗ್ಗಿ ನೀ ಹೇಳಿದ್ದು ಖರೇ ಅದ" ಅಂದ್ರು. "ಮೀನಿಗಿ ಇನ್ನೊಂದು ಡಬ್ಬಿ ತರಾಕ ಹೇಳು."

ಕಡೀ ಮೀನು

ತವರಿನ ನೀರು ಬಂದ್ರೂ ಮೀನ ಒಂದೊಂದೇ ಹೋದ್ವು. ಹೋದದ್ದನ್ನ ಅತ್ತಿನೇ ಪತ್ರಿ ಗಿಡದ ಬುಡಕ್ಕ ಮಣ್ಣು ಮಾಡ್ತಿದ್ರು. "ಮುಟ್ಟಂಗಿಲ್ಲ ಅಂದಿದ್ರಲ್ಲ?" ಅಂದ್ರ "ಸತ್ತ ಮ್ಯಾಲ ಎಲ್ಲಾರೂ ನಮ್ಮವರೇ" ಅಂತಿದ್ರು. ಕಡೀಗಿ ಒಂದೇ ಉಳೀತು. ಅದೂ ಮಂಕಾಗಿತ್ತು. ಮಾವನೋರು ಅದನ್ನ ಬಿಟ್ಟು ಕಣ್ಣು ಕದಲಿಸ್ತಿರಲಿಲ್ಲ. ಇದೂ ಹೋದ್ರ ಅವರು ಮತ್ತ ಗ್ವಾಡಿ ಕಡಿ ತಿರಗ್ತಾರ ಅನ್ನೋ ಹೆದರಿಕಿ ನಮಗ. ನನಗ ತಿಳೀಲಾರದ್ದು ಒಂದೇ. ಎಷ್ಟು ನೀರು ಬದಲಿಸಿದ್ರೂ ಮುಂಜಾನಿ ನೀರಿನ ಮ್ಯಾಲ ಬೆಳ್ಳನ ಪೊರಿ ಇರ್ತಿತ್ತು. ಅದು ಎಲ್ಲಿಂದ ಬರ್ತಿತ್ತು?

ಒಂದು ಮುಂಜಾನಿ ಅಂಗಳಕ್ಕ ನೀರು ಹೊಡದು ಒಳಗ ಬಂದೆ. ಅತ್ತಿ ಆಗಷ್ಟೇ ಲಿಂಗಪೂಜಿ ಮುಗಿಸಿದ್ರು. ವಿಭೂತಿ ಗಟ್ಟಿ ತಿಕ್ಕಿ ಮಾವನೋರ ಹಣಿಗಿ ಹಚ್ಚಿದ್ರು. ಆಮ್ಯಾಲ ಆಕಡಿ ಈಕಡಿ ನೋಡಿ, ಪೆಟಗಿ ಹತ್ರ ಹೋಗಿ, ಇನ್ನೊಂದು ಚಿವುಟಿ ಪುಡಿ ಮಾಡಿ ನೀರಿನಾಗ ಬಿಟ್ರು. "ಶಿವಾ, ಇದನ್ನ ಉಳಸಪ್ಪಾ. ಇದು ಇದ್ರ ಅವರು ನಗತಾರ" ಅಂತ ಕೈ ಮುಗದ್ರು.

ನಾ ಓಡಿ ಹೋಗಿ ಮನ್ಯಾವರನ್ನ ಎಬ್ಬಿಸಿ ಹೇಳಿದೆ. ದಿನಾ ಮುಂಜಾನಿ ಬೂದಿ! ನಾವು ಊರೂರ ನೀರು ತಂದ್ರೂ ಮೀನ ಹೆಂಗ ಬದಕಬೇಕು?

ಮನ್ಯಾವರು ಎದ್ದು ಬಂದು ಮೆತ್ತಗೇ ಹೇಳಿದ್ರು: "ಯವ್ವಾ, ಬೂದಿ ನೀರು ಮೀನಿಗಿ ಆಗಿಬರಂಗಿಲ್ಲ." ಅತ್ತಿ ನೆಲಕ್ಕ ಕುಂತುಬಿಟ್ರು. "ಹಂಗಾದ್ರ ನಾನೇ ಕೊಂದೆನೇನೋ ಅವನ್ನ? ಅವರ ನಗಿ ಉಳೀಲಿ ಅಂತ ಮಾಡಿದ್ನಲ್ಲೋ!" ಅಂತ ಸೆರಗಿನಾಗ ಮಾರಿ ಮುಚ್ಕೊಂಡು ಅಳಾಕ ಹತ್ತಿದ್ರು. ನನಗೂ ಅಳು ಬಂತು. "ಅಳಬ್ಯಾಡ್ರಿ ಅತ್ತಿ, ನಾಳಿಂದ ಗಾಜಿಗಿ ಹೊರಗಿಂದ ಹಚ್ರಿ, ಶಿವಗ ಅಷ್ಟೂ ತಿಳಿಯಂಗಿಲ್ಲೇನು?" ಅಂದೆ. ಮುಂದ ಅವರು ಹಂಗೇ ಹಚ್ಚಿದ್ರು, ಆ ಮೀನು ಬದಕಿ ಗುಂಡಗನೂ ಆತು. ಆದ್ರ ಆ ಹೊತ್ತಿನಾಗ ಅವರ ಅಳು ನಿಲ್ಲವಲ್ದು.

ಮನ್ಯಾವರು ಹೊರಸಿನ ಕಡಿ ತಿರಗಿದ್ರು. "ಅಪ್ಪಾ, ನಿನ್ನ ಕಣ್ಣ ಮುಂದೇ ದಿನಾ ಹಾಕ್ಯಾಳ. ನೋಡ್ಕೋತ ಸುಮ್ಮನಿದ್ದಿ, ಯಾಕ ಹೇಳಲಿಲ್ಲ?"

ಮಾವನೋರು ಹಣಿ ಮ್ಯಾಲಿನ ಹಸಿ ವಿಭೂತಿ ಮುಟ್ಟಿಕೊಂಡ್ರು. "ನನಗೂ… ದಿನಾ… ಆಕಿನೇ ಹಚ್ಚತಾಳ" ಅಂದ್ರು. "ನಾ… ಸತ್ತೆನೇನು?"

"ಬಿಡ್ತು ಅನ್ರಿ!" ಅಂತ ಅತ್ತಿ ಅಳಕೋತನೇ ಬೈದ್ರು. ಮಾವನೋರು ಬಿಡ್ತು ಅನ್ನಾಕ ಬಾಯಿ ತೆರದ್ರು, ಓಣಿ ತುಂಬ ಕೇಳೋ ಆ ನಗಿ ಬಂತು ನೋಡ್ರಿ, ಮಾತೇ ಹೊರಡಲಿಲ್ಲ.