ಲಿಯಾಂಡರ್ ಗ್ಯಾರೇಜಿನ ಹೆಡ್‌ಮಿಸ್ಟ್ರೆಸ್

ಟೆಕ್ಸಸ್ಸಿನಲ್ಲಿ ಪ್ರತಿಯೊಂದು ಮಗುವೂ ಟಾಪ್ ಫೈವ್‌ನಲ್ಲಿ ಬರುವ ಶಾಲೆ ಒಂದೇ ಒಂದಿತ್ತು. ಅದು ನಮ್ಮ ಅತ್ತಿಗೆಯದು! ನಂಬಿಕೆಯಿಲ್ಲವೆ? ಲೆಕ್ಕ ಬಲು ಸುಲಭ. ಇದ್ದವರೇ ನಾಲ್ಕು ಮಕ್ಕಳು.

ಅತ್ತಿಗೆ ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಟೀಚರ್ ಆಗಿದ್ದವರು. ಅಣ್ಣನ ಜೊತೆ ಆಸ್ಟಿನ್ ಪಕ್ಕದ ಲಿಯಾಂಡರ್‌ಗೆ ಬಂದಮೇಲೆ, ಪರೀಕ್ಷೆಯೇ ಇಲ್ಲದ ಶಾಲೆಯೊಂದನ್ನು ನಡೆಸಬೇಕೆಂದು ಹಟ ಹಿಡಿದು ಮನೆಯ ಗ್ಯಾರೇಜಿನಲ್ಲೇ ತೆರೆದುಬಿಟ್ಟರು. ಅಣ್ಣನ ಕಾರು ಬೀದಿಗೆ ಬಿತ್ತು. ಮುಂದಿನ ಆಲಿಕಲ್ಲು ಮಳೆಗೆ ಅದರ ಬಾನೆಟ್ಟು ಪಡ್ಡಿನ ಹಂಚಿನಂತಾಯಿತು.

"ವಿದ್ಯಾದಾನಕ್ಕ ಸ್ವಲ್ಪ ತ್ಯಾಗ ಮಾಡಬೇಕಾಗ್ತೈತ್ರಿ" ಎಂದು ಅತ್ತಿಗೆ ಅಣ್ಣನನ್ನು ಸಮಾಧಾನಪಡಿಸಿದರು. ತ್ಯಾಗ ಯಾರದೆಂದು ಕೇಳುವ ಧೈರ್ಯ ಪಾಪ ಅಣ್ಣನಿಗೆಲ್ಲಿ!

ಅಡ್ಮಿಷನ್ ನಡೆಯುತ್ತಿದ್ದುದು ಸೀಡರ್ ಪಾರ್ಕಿನ ಇಂಡಿಯನ್ ಅಂಗಡಿಯ ತರಕಾರಿ ಸಾಲಿನಲ್ಲಿ. ಟ್ರಾಲಿಯಲ್ಲಿ ಮಗು ಕೂತಿದ್ದರೆ ಸಾಕು, ಅತ್ತಿಗೆ ಕೊತ್ತಂಬರಿ ಕಟ್ಟು ಹಿಡಿದೇ ಹಾಜರು. "ಎಷ್ಟ್ ಶ್ಯಾಣ್ಯಾ ಕಾಣಸ್ತಾನ್ರಿ! ಯಾವ ಸಾಲಿ?" ಬರಬರುತ್ತಾ ತಾಯಂದಿರು ಅವರನ್ನು ಕಂಡರೆ ಹಾಗಲಕಾಯಿ ಆರಿಸುವುದನ್ನು ಅರ್ಧಕ್ಕೇ ಬಿಟ್ಟು ಬೇಳೆಯ ಸಾಲಿಗೆ ಓಡತೊಡಗಿದರು.

ಪಾಠವೋ, ಕೇಳಬೇಡಿ. ಭಿನ್ನರಾಶಿಗೆ ಜೋಳದ ರೊಟ್ಟಿ. ನಾಲ್ಕು ತುಂಡು ಮಾಡಿ ಒಂದನ್ನು ತಿಂದರೆ ಉಳಿದದ್ದೆಷ್ಟು ಎಂದು ಕೇಳುವಷ್ಟರಲ್ಲಿ ಏನೂ ಉಳಿದಿರುತ್ತಿರಲಿಲ್ಲ! ಚಿಪ್ ಕಂಪನಿಯಲ್ಲಿದ್ದ ಒಬ್ಬ ತಂದೆ ಒಂದು ದಿನ ತಡೆಯಲಾರದೆ ಕೇಳಿದರು: "ಆಂಟಿ, ನಮ್ಮ ಮಗ ಯಾವ ಪರ್ಸೆಂಟೈಲ್‌ನಲ್ಲಿದ್ದಾನೆ? ಏನಾದ್ರೂ ಡೇಟಾ ಇದ್ಯಾ?"

"ಮೊದಲೆಲ್ಲಾ ಮುಂಜಾನೆ ಅಳಕೋತ ಬರ್ತಿದ್ದ, ಈಗ ಸಂಜೀಕೆ ಹೋಗೂಮುಂದ ಅಳ್ತಾನ. ಇದಕ್ಕಿಂತ ಡೇಟಾ ಬೇಕೇನ್ರಿ?"

ಆತನಿಗೆ ಬೇಕಿತ್ತು. ಮಗನನ್ನು ಬಿಡಿಸಿಕೊಂಡು ಹೋದರು. ಅದೇ ಬೇಸಿಗೆಯಲ್ಲಿ ಇನ್ನೊಂದು ಕುಟುಂಬ ಹ್ಯೂಸ್ಟನ್‌ಗೂ, ಮತ್ತೊಂದು ಡಾಲಸ್ ಕಡೆಯ ಕ್ಯಾರಲ್ಟನ್‌ಗೂ ಶಿಫ್ಟ್ ಆದವು. "ನಮ್ಮ ವಿದ್ಯಾರ್ಥಿಗಳು ಟೆಕ್ಸಸ್ ತುಂಬ ಹಬ್ಬ್ಯಾರ" ಎಂದು ಅತ್ತಿಗೆ ನಕ್ಕರು.

ಉಳಿದವಳು ಏಳು ವರ್ಷದ ಅನಘಾ ಒಬ್ಬಳೇ. ಫಸ್ಟ್ ರ್‍ಯಾಂಕೂ ಅವಳೇ, ಲಾಸ್ಟೂ ಅವಳೇ. ಆದರೂ ಅತ್ತಿಗೆ ಬೆಳಗಾದರೆ ಹಾಜರಿ ಕೂಗುವುದನ್ನು ಬಿಡಲಿಲ್ಲ. ಗದ್ದಲವೇ ಇಲ್ಲದ ಗ್ಯಾರೇಜಿನಲ್ಲಿ "ಸೈಲೆನ್ಸ್!" ಎನ್ನುವುದನ್ನೂ ಬಿಡಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಮಂಡಿನೋವಿನ ಅತ್ತಿಗೆ ವಾಷಿಂಗ್ ಮೆಷಿನ್ ಹಿಂದೆ ಅಡಗುವರು. ಸೀರೆಯ ಸೆರಗು ಹೊರಗೇ ಇರುತ್ತಿತ್ತು. ಅನಘಾ ಪಾಪ, ಕಾಣದವಳಂತೆ ಮೂಲೆ ಮೂಲೆಯನ್ನೆಲ್ಲ ಹುಡುಕುತ್ತಿದ್ದಳು.

ಒಂದು ದಿನ ಹಾಗೆ ಹುಡುಕುವುದನ್ನು ನಿಲ್ಲಿಸಿ ಕೇಳಿದಳು: "ಟೀಚರ್, ವೆನ್ ಆರ್ ದಿ ಅದರ್ ಕಿಡ್ಸ್ ಕಮಿಂಗ್?"

ಆವತ್ತು ಸಂಜೆ ಅತ್ತಿಗೆಯ ಮನೆಯಲ್ಲಿ ನಾನೂ ಇದ್ದೆ. ಮಗಳನ್ನು ಕರೆದೊಯ್ಯಲು ಬಂದ ತಾಯಿಗೆ ಅತ್ತಿಗೆ, "ಇಕೀನ್ನ ದೊಡ್ಡ ಸಾಲಿಗೆ ಹಾಕ್ರಿ" ಎಂದುಬಿಟ್ಟರು.

ಆಕೆ ಗಾಬರಿಯಾದರು. "ಯಾಕೆ ಆಂಟಿ? ಇಲ್ಲಿ ಖುಷಿಯಾಗಿದ್ದಾಳಲ್ಲ! ಇವಳೂ ಹೋದ್ರೆ ನಿಮ್ಮ ಸ್ಕೂಲು?"

"ಓದಸಾಕ ನಾ ಸಾಕು. ಆಡಾಕ ನಾ ಒಬ್ಬಾಕಿ ಸಾಲೂದಿಲ್ಲವ್ವಾ."

ಅಣ್ಣನ ಕಾರು ಗ್ಯಾರೇಜಿಗೆ ಮರಳಿತು. ಅತ್ತಿಗೆ ಮಾತ್ರ ಬೆಳಗಿನ ಹೊತ್ತು ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದರಂತೆ. ಫೋನಿನಲ್ಲಿ ನನ್ನನ್ನು ಸುಮ್ಮಸುಮ್ಮನೆ ಗದರುತ್ತಿದ್ದರು, ಗದರಿಸಿಕೊಳ್ಳಲು ಇನ್ನಾರಿದ್ದರು?

ಕೆಲವು ವಾರಗಳ ಮೇಲೆ ಅನಘಾಳ ತಾಯಿ ಶಾಲೆ ಬಿಡುವ ಹೊತ್ತಿಗೆ ಅತ್ತಿಗೆಯನ್ನೂ ನನ್ನನ್ನೂ ಹೊಸ ಶಾಲೆಯ ಪಿಕಪ್‌ಗೆ ಕರೆದೊಯ್ದರು. ಕಾರಿನ ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಕಿಟಕಿಯ ಬಳಿ ಅತ್ತಿಗೆ. ಶಾಲೆಯ ಬಾಗಿಲು ತೆರೆದು ಮಕ್ಕಳು ನುಗ್ಗಿಬಂದರು. ಆ ಸುಡುಬಿಸಿಲಿನಲ್ಲೂ ಅತ್ತಿಗೆ ಗಾಜು ಇಳಿಸಿದರು. "ಅಬಬಬ, ಎಷ್ಟ್ ಮಕ್ಕಳು ನೋಡವಾ!"

ಅನಘಾ ಇಬ್ಬರು ಗೆಳತಿಯರೊಂದಿಗೆ ಬಂದಳು. ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು. ನಮ್ಮತ್ತ ಕೈಬೀಸಿದಳು, ಮತ್ತೆ ಅವರ ಕಡೆಗೇ ತಿರುಗಿದಳು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. "ಅನಘಾ, ಬೇಗ ಬಾ!" ಎಂದು ತಾಯಿ ಕೂಗಹೊರಟರೆ ಅತ್ತಿಗೆ ಹಿಂದಿನಿಂದ ಅವರ ಭುಜ ಮುಟ್ಟಿದರು.

"ಮಾತು ಮುಗೀಲಿ ಬಿಡ್ರಿ."

ಅತ್ತಿಗೆಯ ಕಣ್ಣು ಹುಡುಗಿಯ ಮೇಲೇ ಇತ್ತು. ಕೈ ಮಾತ್ರ ಸೀಟಿನ ಮೇಲೆ ತಡಕಾಡಿ, ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು.