ಒಂಬತ್ತು ಶಾಲೆಯ ಸಿಂಚನಾ

ಮುಕುಂದಯ್ಯ ಮೇಷ್ಟ್ರು ಮಾಡಿದ ಒಂದೇ ಒಂದು ತಪ್ಪೆಂದರೆ ನಿಜ ಬರೆದದ್ದು.

ಪಾಠ ಮುಗಿದ ಮೇಲೆ ಎಲ್ಲಿ ಎಡವಿದೆವು ಎಂದು ಪ್ರತಿಯೊಬ್ಬ ಶಿಕ್ಷಕರೂ ಒಂದು ಪುಸ್ತಕದಲ್ಲಿ ಬರೆಯಬೇಕು, ತಿಂಗಳ ಸಮಾಲೋಚನಾ ಸಭೆಯಲ್ಲಿ ಕೂತು ಚರ್ಚಿಸಬೇಕು ಎಂದು ಆದೇಶ ಬಂದಿತ್ತು. ಉಳಿದವರು ಕಳೆದ ಸಲ "ಪಾಠ ಯಶಸ್ವಿಯಾಯಿತು" ಎಂದು ಗೀಚಿ ಬೈಸಿಕೊಂಡಿದ್ದರು. ಮುಕುಂದಯ್ಯ ಈ ಸಲ ಹೀಗೆ ಬರೆದರು: "ಐದನೇ ತರಗತಿಯ ಭಿನ್ನರಾಶಿ ಪಾಠ ಸೋತಿತು. ಎರಡಕ್ಕಿಂತ ಮೂರು ದೊಡ್ಡದಲ್ಲವೇ, ಹಾಗಾದರೆ ಅರ್ಧಕ್ಕಿಂತ ಮೂರನೇ ಒಂದು ಭಾಗ ಹೇಗೆ ಚಿಕ್ಕದು ಎಂದು ಸಿಂಚನಾ ಕೇಳಿದಳು. ಮೂರು ದಿನ ವಿವರಿಸಿದೆ, ಅರ್ಥವಾಗಲಿಲ್ಲ. ತಪ್ಪು ನನ್ನದು. ಯಾರಾದರೂ ದಾರಿ ಹೇಳಿ." ಸಭೆಯಲ್ಲಿ ಕೇಳಿಕೊಂಡು ಬರುತ್ತೇನೆಂದು ಆ ಹುಡುಗಿಗೆ ಮಾತೂ ಕೊಟ್ಟಿದ್ದರು.

"ಮಾದರಿಗೆ ಒಂದ್ಸಲ ಕೊಡಿ ಸರ್. ಫೋಟೋದಲ್ಲಿ ನಿಮ್ಮ ಅಕ್ಷರ ಓದಕ್ಕಾಗಲ್ಲ" ಎಂದು ಪಕ್ಕದೂರ ಶಾಲೆಯ ಮಹಾಲಕ್ಷ್ಮೀ ಟೀಚರ್ ಬುಧವಾರ ಆ ಪುಸ್ತಕ ಒಯ್ದರು.

ಶನಿವಾರ ಹೊಸನಗರದಲ್ಲಿ ಸಭೆ. ಮುಕುಂದಯ್ಯ ಬಂದವರೇ ಕೇಳಿದರು, "ಪುಸ್ತಕ ಎಲ್ಲಿ ಟೀಚರ್?"

"ಅಯ್ಯೋ, ದಿನೇಶ್ ಸರ್ ಇಸ್ಕೊಂಡ್ರಲ್ಲ!"

ದಿನೇಶ್ ಮಕ್ಕಳಿಗೆ ಆಟ ಆಡಿಸುವ ಮೇಷ್ಟ್ರು. "ಕಬಡ್ಡಿ ಕಲಿಸೋ ನಿನಗೆ ಭಿನ್ನರಾಶಿ ಯಾಕಯ್ಯಾ?" ಎಂದು ಮುಕುಂದಯ್ಯ ರೇಗಿದರು.

"ಬರ್ಯೋದು ಎಲ್ರಿಗೂ ಕಡ್ಡಾಯ ಅಲ್ವಾ ಸರ್? ಕೈಯಿಂದ ಕೈಗೆ ಹೋಗಿ ಈಗ ಭೂತಪ್ಪನವ್ರ ಹತ್ರ ಇದೆ."

ಭೂತಪ್ಪ ಮೇಷ್ಟ್ರಿಗೆ ಫೋನು ಹೋಯಿತು. "ಬಸ್ಸಲ್ಲಿದೀನಿ ಮಾರಾಯ್ರೆ, ಅಲ್ಲಾಡಿಸ್ಬೇಡಿ, ಬರ್ಯೋಕೆ ಇನ್ನು ನಾಲ್ಕೇ ಸಾಲು ಉಳಿದಿದೆ!" ಎಂದು ಅವರು ಫೋನಿಟ್ಟುಬಿಟ್ಟರು.

ಸಾಗರದ ಬಸ್ಸು ಬಂತು, ಭೂತಪ್ಪ ಇಳಿದರು, ಬಸ್ಸು ತೀರ್ಥಹಳ್ಳಿ ಕಡೆ ಹೋಯಿತು. ಭೂತಪ್ಪನ ಕೈಯಲ್ಲಿ ಅವರದೇ ಪುಸ್ತಕ ಭದ್ರವಾಗಿತ್ತು.

"ನನ್ನದು?"

ಭೂತಪ್ಪ ಚೀಲ ತಡಕಿದರು, ಜೇಬು ಮುಟ್ಟಿಕೊಂಡರು, ಆಮೇಲೆ ರಸ್ತೆ ಕಡೆ ನೋಡಿದರು. "ಸೀಟಿನ ಮೇಲೆ ಉಳೀತು ಕಾಣ್ತದೆ ಸರ್."

ಮುಕುಂದಯ್ಯನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಇಲಾಖೆಯ ಅಧಿಕಾರಿಗಳು ಬಂದು ಕೂತರು.

ಅಧಿಕಾರಿಗಳು ಮೊದಲ ಪುಸ್ತಕ ಓದಿದರು. ಭಿನ್ನರಾಶಿ, ಸಿಂಚನಾ, ತಪ್ಪು ನನ್ನದು. ಎರಡನೆಯದರಲ್ಲೂ ಸಿಂಚನಾ. ದಿನೇಶನ ಪುಸ್ತಕದಲ್ಲಿ ಆಟದ ಮೈದಾನದಲ್ಲಿಯೇ ಅವಳು ಆ ಪ್ರಶ್ನೆ ಕೇಳಿಬಿಟ್ಟಿದ್ದಳು. ಎಂಟು ಪುಸ್ತಕ ಮುಗಿಯಿತು. ಈಗ ಇವರ ಗ್ರಹಚಾರ ಬಿಡಿಸುತ್ತಾರೆ ಎಂದು ಮುಕುಂದಯ್ಯ ನೆಟ್ಟಗೆ ಕೂತರು.

ಅಧಿಕಾರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಂದು ಮಗುಗೋಸ್ಕರ ಎಂಟು ಶಾಲೆಯವರು ಚಿಂತೆ ಮಾಡಿದೀರಲ್ರೀ! ತಪ್ಪು ನನ್ನದು ಅಂತ ಎಂಟೂ ಜನ ಒಪ್ಕೊಂಡಿದೀರಿ! ಸಹಯೋಗ ಅಂದ್ರೆ ಇದಪ್ಪಾ!"

ಮುಕುಂದಯ್ಯ ಎದ್ದು ನಿಂತರು. "ಸರ್, ಸಿಂಚನಾ ನನ್ನ ಶಾಲೆ ಹುಡುಗಿ!"

"ಹೌದಾ? ನಿಮ್ಮ ಪುಸ್ತಕ ಎಲ್ಲಿ?"

"ತೀರ್ಥಹಳ್ಳಿ ಬಸ್ಸಲ್ಲಿದೆ ಸರ್. ಇವ್ರೆಲ್ಲ ನನ್ನದನ್ನೇ ನೋಡಿ ಬರೆದಿದ್ದು!"

ಎಂಟು ಮಂದಿಯೂ ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ನೋಡತೊಡಗಿದರು. ಇಂಥ ಹೊತ್ತಿನಲ್ಲಿ ಮಾತ್ರ ಅವರಲ್ಲಿ ಎಂಥ ಶಿಸ್ತು!

"ನಾಚಿಕೆ ಆಗ್ಬೇಕು ನಿಮಗೆ" ಎಂದರು ಅಧಿಕಾರಿಗಳು. "ನಿಮ್ಮ ಶಾಲೆ ಮಗುಗೋಸ್ಕರ ಊರವರೆಲ್ಲ ಬರ್ದಿದಾರೆ, ನೀವು ಒಂದಕ್ಷರ ಬರ್ದಿಲ್ಲ. ಮೇಲಿಂದ ಬರೆದವರ ಮೇಲೇ ದೂರು! ಮೂರು ದಿನದೊಳಗೆ ವಿವರಣೆ ಕೊಡಿ."

"ಕೊಡ್ತೀನಿ ಸರ್. ಆದ್ರೆ ಆ ಪ್ರಶ್ನೆಗೆ ಉತ್ತರ ಎಂತದು? ಮಗು ಕಾಯ್ತಾ ಇದೆ."

"ಚರ್ಚೆ ಮುಂದಿನ ತಿಂಗಳು ಮಾಡೋಣ. ಊಟ ತಣ್ಣಗಾಗ್ತದೆ."

ಚರ್ಚೆಗೆಂದೇ ಕರೆದ ಸಭೆ ಪಾಯಸಕ್ಕೆ ಎದ್ದಿತು.

ಸಂಜೆ ಊರಿನಲ್ಲಿ ಬಸ್ಸಿಳಿದರೆ ಸಿಂಚನಾ ಓಡಿಬಂದಳು. ಕೈಯಲ್ಲಿ ಒಂದು ರೊಟ್ಟಿಯ ಚೂರು ಹಿಡಿದುಕೊಂಡಿದ್ದಳು. "ಸರ್, ಗೊತ್ತಾತು! ಇವತ್ತು ಇಬ್ರಿಗೆ ಮಾಡಿದ ರೊಟ್ಟಿಗೆ ನೆಂಟರು ಒಬ್ರು ಬಂದ್ರು. ಮೂರು ಪಾಲು ಮಾಡಿದ್ರೆ ನಂಗೆ ಇಷ್ಟೇ ಬಂತು! ಸಭೇಲಿ ಇದೇ ಹೇಳಿದ್ರಾ?"

ಮುಕುಂದಯ್ಯನಿಗೆ ಕಣ್ಣು ತುಂಬಿ ಬಂತು. ಇದನ್ನು ಈಗಲೇ ಬರೆದಿಡಬೇಕು ಎಂದುಕೊಳ್ಳುತ್ತಿರುವಾಗ ಭೂತಪ್ಪನ ಫೋನು ಬಂತು.

"ಪುಸ್ತಕ ಸಿಕ್ತು ಸರ್! ಕಂಡಕ್ಟರು ತೀರ್ಥಹಳ್ಳೀಲಿ ಯಾರೋ ಮೇಷ್ಟ್ರ ಕೈಲಿ ಕೊಟ್ಟಿದಾರೆ. ಆದ್ರೆ ಈಗ್ಲೇ ಕೊಡಲ್ವಂತೆ. ಸೋಮವಾರ ಅವ್ರಿಗೂ ಸಭೆ ಇದ್ಯಂತೆ."